ಡಿಜಿಟಲ್ ಪಾತ್ರದ ಕಣ್ಣಿಗೆ ರಿಗ್ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ರಿಗ್ ಎಂದರೆ 3ಡಿ ಪಾತ್ರವನ್ನು ಆಡಿಸಲು ಅದರೊಳಗೆ ಕಟ್ಟುವ ವ್ಯವಸ್ಥೆ: ಮೂಳೆಗಳಂತೆ ಪಾತ್ರವನ್ನು ತಿರುಗಿಸುವ ಬೋನುಗಳು, ಆ್ಯನಿಮೇಟರ್ ಹಿಡಿದು ಎಳೆಯುವ ಕಂಟ್ರೋಲುಗಳು. ಪಾತ್ರದ ಕಣ್ಣಿಗೆ ಕಂಟ್ರೋಲ್ ಕೂರಿಸಲು ಹೊರಟವರು ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಎತ್ತಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ತಂದಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿದ್ದೇನೆ, ಮತ್ತು ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು. ಮಾಯಾ, ಬ್ಲೆಂಡರ್ ಮೊದಲಾದ 3ಡಿ ತಂತ್ರಾಂಶಗಳ ಹೆಸರು ಅಲ್ಲಲ್ಲಿ ಬಂದರೂ ಹೇಳಿರುವ ವಿಷಯ ಬಹುಪಾಲು ಎಲ್ಲದಕ್ಕೂ ಸಲ್ಲುತ್ತದೆ. ಗುಡ್ಡೆಯನ್ನು ತಿರುಗಿಸುವ ಕುರಿತು ಆರಂಭವಾಗುವ ಪ್ರಶ್ನೆಗಳಲ್ಲಿ ಹೆಚ್ಚಿನವು ಕೊನೆಗೆ ರೆಪ್ಪೆಯ ಬಳಿಗೋ ಫ್ರೇಮುಗಳ ಲೆಕ್ಕದ ಬಳಿಗೋ ಬಂದು ಮುಟ್ಟುತ್ತವೆ. ಈ ಪುಟದ ತೂಕವೂ ಆ ಕಡೆಗೇ ವಾಲಿದೆ.

## ಮೊದಲ ಹೆಜ್ಜೆಗಳು

ಕಣ್ಣಿಗೆ ಬೇರೆಯೇ ಬೋನ್ ಬೇಕಾ? ತಲೆಯ ಬೋನ್ ಜೊತೆಗೇ ಇದ್ದರೆ ಸಾಲದಾ?

ಗುಂಪಿನಲ್ಲಿ ದೂರ ನಿಂತಿರುವ ಪಾತ್ರಕ್ಕೆ ಸಾಲುತ್ತದೆ. ಮುಖವನ್ನು ಹತ್ತಿರದಿಂದ ತೋರಿಸುವ ಪಾತ್ರಕ್ಕೆ ಸಾಲದು, ಏಕೆಂದರೆ ನೋಡುವವರು ಮೊದಲು ಹುಡುಕುವುದೇ ಕಣ್ಣನ್ನು, ಮತ್ತು ಅದು ತಲೆಯೊಡನೆ ಕೀಲಿಸಿಟ್ಟಂತೆ ತಿರುಗಿದರೆ ಪಾತ್ರ ಕುರುಡಾಗಿದೆ ಎಂಬ ಭಾವನೆ ತಕ್ಷಣ ಮೂಡುತ್ತದೆ. ತಲೆಯ ಬೋನಿಗೆ ಮಕ್ಕಳಾಗಿ, ಅಂದರೆ ಅದು ಹೋದಲ್ಲಿ ಹೋಗುವಂತೆ, ಎಡಕ್ಕೊಂದು ಬಲಕ್ಕೊಂದು ಬೋನ್ ಇರಬೇಕು ಎಂಬುದು ಕನಿಷ್ಠ ವ್ಯವಸ್ಥೆ. ಎರಡು ಕಣ್ಣಿಗೂ ಸೇರಿಸಿ ನಡುವೆ ಒಂದೇ ಬೋನ್ ಇಡುವ ಉಳಿತಾಯವನ್ನು ಮಾತ್ರ ಮಾಡಬೇಡಿ. ಆಗ ಗುಡ್ಡೆಗಳು ತಮ್ಮ ಸುತ್ತ ತಿರುಗದೆ ಮೂಗಿನ ಬುಡದ ಸುತ್ತ ತಿರುಗಿ, ಒಂದು ಮುಂದಕ್ಕೂ ಇನ್ನೊಂದು ತಲೆಬುರುಡೆಯ ಒಳಕ್ಕೂ ಸರಿಯುತ್ತದೆ.

ಕಣ್ಣು ಸ್ವಲ್ಪ ತಿರುಗಿಸಿದರೂ ಗುಡ್ಡೆ ರೆಪ್ಪೆಯಿಂದ ಹೊರಗೆ ಇಣುಕುತ್ತದೆ. ಪಿವಟ್ ಎಲ್ಲಿ ಇಡಬೇಕು?

ಪಿವಟ್ಟನ್ನು, ಅಂದರೆ ತಿರುಗುವ ಬಿಂದುವನ್ನು, ಗುಡ್ಡೆಯ ಗೋಳದ ಕೇಂದ್ರದಲ್ಲಿ ಇಡಬೇಕು. ಆದರೆ ‘ಕೇಂದ್ರ’ವನ್ನು ತಂತ್ರಾಂಶ ತಾನಾಗಿ ಲೆಕ್ಕ ಹಾಕಿದಾಗಲೇ ಎಡವಟ್ಟಾಗುವುದು. ಕಣ್ಣಿನ ಮುಂಭಾಗದಲ್ಲಿ ಕಾರ್ನಿಯಾದ (ಪಾರದರ್ಶಕ ಮುಂಪದರದ) ಉಬ್ಬು ಇರುತ್ತದೆ; ಕೆಲವು ಮಾದರಿಗಳಲ್ಲಿ ಕಣ್ಣೀರಿನ ತೆಳುಪದರವೂ ಅದೇ ಮೆಶ್‌ಗೆ (ಮೇಲ್ಮೈಯನ್ನು ರೂಪಿಸುವ ಜಾಲಕ್ಕೆ) ಅಂಟಿಕೊಂಡಿರುತ್ತದೆ. ಇವೆಲ್ಲವನ್ನೂ ಒಳಗೊಂಡ ಚೌಕಟ್ಟಿನ ಮಧ್ಯಬಿಂದುವನ್ನು ತೆಗೆದುಕೊಂಡರೆ ಪಿವಟ್ ನಿಜವಾದ ಕೇಂದ್ರಕ್ಕಿಂತ ಮುಂದೆ ಬಂದು ಕೂರುತ್ತದೆ. ಆದ್ದರಿಂದ ಬಿಳಿಗುಡ್ಡೆಯ ನಡುಸುತ್ತಿನ ಎಡ್ಜ್ ಲೂಪನ್ನು (ಮೆಶ್‌ನ ಅಂಚುಗಳ ಬಳೆಯನ್ನು) ಮಾತ್ರ ಆಯ್ದು, ಅದರ ಮಧ್ಯಕ್ಕೆ ಬೋನಿನ ಬುಡವನ್ನು ಕೂರಿಸಿ. ಬ್ಲೆಂಡರ್‌ನಲ್ಲಿ 3ಡಿ ಕರ್ಸರನ್ನು ಆಯ್ಕೆಗೆ ತಂದು, ಬೋನಿನ ಬುಡವನ್ನು ಕರ್ಸರ್‌ಗೆ ತರುವುದರಿಂದ ಈ ಕೆಲಸ ಎರಡು ಹೆಜ್ಜೆಯಲ್ಲಿ ಮುಗಿಯುತ್ತದೆ.

ವಯಸ್ಕರ ಕಣ್ಣುಗುಡ್ಡೆಯ ವ್ಯಾಸ ಸುಮಾರು 24 ಮಿಲಿಮೀಟರ್. ಅದು ತಿರುಗುವ ಬಿಂದು ಕಾರ್ನಿಯಾದ ತುದಿಯಿಂದ ಸುಮಾರು 13.5 ಮಿಲಿಮೀಟರ್ ಹಿಂದಿದೆ. ಅಂದರೆ ನಿಜವಾದ ಕಣ್ಣೂ ಅಚ್ಚುಕಟ್ಟಾಗಿ ನಡುಬಿಂದುವಿನ ಸುತ್ತ ತಿರುಗುವುದಿಲ್ಲ, ಅದರ ಕೂದಲೆಳೆಯಷ್ಟು ಹಿಂದಿನ ಬಿಂದುವಿನ ಸುತ್ತ ತಿರುಗುತ್ತದೆ. ಪಿವಟ್ ಮುಂದೆ ಸರಿದರೆ ರೂಪ ಕೆಡುವಷ್ಟು, ತುಸು ಹಿಂದೆ ಸರಿದರೆ ಕೆಡುವುದಿಲ್ಲ.

ಬಾಯಿ ತೆರೆಸಿದರೆ ಕಣ್ಣೂ ಕೆಳಗೆ ಜಗ್ಗುತ್ತದೆ, ಯಾಕೆ?

ತಂತ್ರಾಂಶ ತಾನಾಗಿ ಹಂಚಿದ ತೂಕಗಳಲ್ಲಿ (ಯಾವ ಬೋನ್ ಎಷ್ಟು ಎಳೆಯಬೇಕೆಂಬ ಪಾಲುಗಳಲ್ಲಿ) ಗುಡ್ಡೆಯ ಕೆಲವು ವರ್ಟೆಕ್ಸ್‌ಗಳು (ಮೆಶ್‌ನ ಬಿಂದುಗಳು) ದವಡೆಯ ಬೋನಿಗೂ ಪಾಲು ಕೊಟ್ಟಿರುತ್ತವೆ. ಗುಡ್ಡೆಯ ಎಲ್ಲ ವರ್ಟೆಕ್ಸ್‌ಗಳಿಗೂ ಅದರದೇ ಬೋನಿನ ತೂಕ 1.0 ಆಗಿರಲಿ, ಉಳಿದೆಲ್ಲವೂ ಸೊನ್ನೆಯಾಗಲಿ. ಕಾರ್ನಿಯಾ, ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಬಳೆ) ಬೇರೆ ಬೇರೆ ಮೆಶ್‌ಗಳಾಗಿದ್ದರೆ ಅವುಗಳಿಗೂ ಇದೇ ನಿಯಮ.

ಗುರಿಯ ಕಂಟ್ರೋಲ್ ಇಡುವುದು ಒಳ್ಳೆಯದಾ, ಕಣ್ಣನ್ನು ನೇರವಾಗಿ ತಿರುಗಿಸುವುದು ಒಳ್ಳೆಯದಾ?

ಎರಡೂ ಇರಲಿ, ಒಂದರ ಒಳಗೆ ಇನ್ನೊಂದು ಇರಲಿ. ಮುಖದ ಮುಂದೆ ತೇಲುವ ಗುರಿಯೊಂದನ್ನು ಇಟ್ಟು ಕಣ್ಣು ಅದನ್ನೇ ನೋಡುವಂತೆ ಮಾಡುವುದು, ಪಾತ್ರ ಒಂದು ವಸ್ತುವಿನ ಮೇಲೆ ದೃಷ್ಟಿ ನೆಟ್ಟಿರುವ ದೃಶ್ಯಗಳಿಗೆ ಅತ್ಯಂತ ಅನುಕೂಲ. ಯೋಚನೆಯಲ್ಲಿ ಮುಳುಗಿ ಶೂನ್ಯವನ್ನು ದಿಟ್ಟಿಸುವ, ಅಥವಾ ಕುಡಿನೋಟ ಬೀರಿ ತಕ್ಷಣ ಕಣ್ಣು ತಪ್ಪಿಸುವ ಸನ್ನಿವೇಶಗಳಲ್ಲಿ ಆ್ಯನಿಮೇಟರ್ ಕೇಳುವುದು ನೇರ ತಿರುಗುವಿಕೆಯನ್ನೇ.

ನಾನು ಬಳಸುವ ಸರಪಳಿ ಹೀಗಿದೆ: ತಲೆಯ ಕೆಳಗೆ ಕಣ್ಣಿನ ಗೂಡಿನ ಸ್ಥಾನವನ್ನು ಹಿಡಿದಿಡುವ ಖಾಲಿ ಗುಂಪು, ಅದರ ಕೆಳಗೆ ಗುರಿಯನ್ನು ಹಿಂಬಾಲಿಸುವ ಗುಂಪು, ಅದರ ಕೆಳಗೆ ಕೈಯಿಂದ ತಿರುಗಿಸುವ ಕಂಟ್ರೋಲ್, ಕೊನೆಗೆ ಗುಡ್ಡೆಯ ಬೋನ್. ಗುರಿಯ ಪ್ರಭಾವವನ್ನು ಸೊನ್ನೆಯಿಂದ ಒಂದರವರೆಗೆ ಬದಲಿಸುವ ಒಂದು ಸ್ಲೈಡರ್ ಇದ್ದರೆ ಗುರಿ ಹಿಡಿದಿರುವಾಗಲೇ ಮೇಲಿಂದ ಕೈಯ ತಿದ್ದುಪಡಿಯನ್ನೂ ಮಾಡಬಹುದು, ಬೇಡವಾದಾಗ ಗುರಿಯನ್ನು ಪೂರ್ತಿ ಬಿಟ್ಟುಕೊಡಲೂಬಹುದು.

## ಗುರಿ ಮತ್ತು ದಿಕ್ಕು

ಏಮ್ ಕನ್‌ಸ್ಟ್ರೇಂಟ್ ಹಾಕಿದ ಕ್ಷಣವೇ ಕಣ್ಣು ಎಲ್ಲಿಗೋ ತಿರುಗಿಕೊಳ್ಳುತ್ತದೆ. ಕೆಲವೊಮ್ಮೆ ಬುಗುರಿಯಂತೆ ಉರುಳುತ್ತದೆ ಕೂಡ.

ಇವು ಎರಡು ಬೇರೆ ತೊಂದರೆಗಳು. (ಏಮ್ ಕನ್‌ಸ್ಟ್ರೇಂಟ್ ಎಂದರೆ ಒಂದು ವಸ್ತು ಸದಾ ಗುರಿಯನ್ನೇ ನೋಡುವಂತೆ ಕಟ್ಟಿಹಾಕುವ ನಿಯಮ.) ಎಲ್ಲಿಗೋ ತಿರುಗುವುದಕ್ಕೆ ಕಾರಣ, ಯಾವ ಅಕ್ಷ ಗುರಿಯತ್ತ ಚಾಚಬೇಕು ಎಂಬುದನ್ನು ತಪ್ಪಾಗಿ ಹೇಳಿರುವುದು. ಬ್ಲೆಂಡರ್‌ನಲ್ಲಿ ಬೋನಿನ ಉದ್ದದ ಅಕ್ಷ ಯಾವಾಗಲೂ ವೈ. ಆದ್ದರಿಂದ ಬೋನಿನ ತುದಿಯನ್ನು ಪಾಪೆಯ ದಿಕ್ಕಿಗೆ, ನೇರ ಮುಂದಕ್ಕೆ ಎಳೆದಿಟ್ಟು ಡ್ಯಾಂಪ್ಡ್ ಟ್ರ್ಯಾಕ್ ಎಂಬ ಅಲ್ಲಿನ ಕನ್‌ಸ್ಟ್ರೇಂಟಿನಲ್ಲಿ ವೈ ಆಯ್ದರೆ ಸಾಕು. ಮಾಯಾದಲ್ಲಿ ಜಾಯಿಂಟಿನ (ಅಲ್ಲಿ ಬೋನಿನ ಕೆಲಸ ಮಾಡುವುದು ಇದೇ) ಯಾವ ಅಕ್ಷ ಮುಂದಕ್ಕಿದೆ ಎಂಬುದನ್ನು ಕಣ್ಣಾರೆ ನೋಡಿ ಏಮ್ ವೆಕ್ಟರ್‌ನಲ್ಲಿ ತುಂಬಬೇಕು. ಆಫ್‌ಸೆಟ್ (ಈಗಿರುವ ದಿಕ್ಕಿನ ವ್ಯತ್ಯಾಸ) ಉಳಿಸಿಕೊಳ್ಳುವ ಆಯ್ಕೆಯನ್ನು ಒತ್ತಿ ತಪ್ಪನ್ನು ಮುಚ್ಚಿಬಿಡುವುದು ಸುಲಭವಾದರೂ ಬಲಗಣ್ಣಿಗೆ ಕನ್ನಡಿ ಪ್ರತಿ ಮಾಡುವಾಗ ಆ ಸಾಲ ಬಡ್ಡಿಯೊಡನೆ ವಾಪಸು ಬರುತ್ತದೆ.

ಉರುಳುವುದಕ್ಕೆ ಕಾರಣ ‘ಮೇಲು’ ಯಾವುದೆಂದು ಕಣ್ಣಿಗೆ ಗೊತ್ತಿಲ್ಲದಿರುವುದು. ಮಾಯಾದ ಏಮ್ ಕನ್‌ಸ್ಟ್ರೇಂಟ್ ಡಿಫಾಲ್ಟಾಗಿ ದೃಶ್ಯದ ಮೇಲ್ದಿಕ್ಕನ್ನೇ ಆಧಾರವಾಗಿ ತೆಗೆದುಕೊಳ್ಳುವುದರಿಂದ, ಪಾತ್ರ ಅಂಗಾತ ಮಲಗಿ ಛಾವಣಿಯನ್ನು ನೋಡಿದಾಗ ನೋಟದ ದಿಕ್ಕೂ ಮೇಲ್ದಿಕ್ಕೂ ಒಂದೇ ಆಗಿ, ಕಣ್ಣು ಯಾವ ಕಡೆ ಉರುಳಬೇಕೆಂದು ತಿಳಿಯದೆ ಮಗುಚಿಕೊಳ್ಳುತ್ತದೆ. ಮೇಲ್ದಿಕ್ಕನ್ನು ತಲೆಯ ಬೋನಿನ ತಿರುಗುವಿಕೆಯಿಂದ ಪಡೆಯುವಂತೆ ಬದಲಿಸಿದರೆ ಈ ಕಾಟ ತಪ್ಪುತ್ತದೆ. ಬ್ಲೆಂಡರ್‌ನ ಡ್ಯಾಂಪ್ಡ್ ಟ್ರ್ಯಾಕ್ ಅತಿ ಕಡಿಮೆ ಕೋನದ ದಾರಿಯಲ್ಲಿ ತಿರುಗುವುದರಿಂದ ಗುರಿ ಮುಖದ ಮುಂದಿರುವವರೆಗೆ ಅದು ಮಗುಚುವುದಿಲ್ಲ. ಕಣ್ಣಿನ ಮಟ್ಟಿಗೆ ಟ್ರ್ಯಾಕ್ ಟು ಎಂಬ ಇನ್ನೊಂದು ಕನ್‌ಸ್ಟ್ರೇಂಟಿನ ಬದಲು ಅದನ್ನೇ ನಾನು ಬಳಸುತ್ತೇನೆ.

ಎರಡೂ ಕಣ್ಣಿಗೆ ಒಂದೇ ಗುರಿ ಸಾಕಾ, ಬೇರೆ ಬೇರೆ ಬೇಕಾ?

ಒಂದು ದೊಡ್ಡ ಗುರಿ, ಅದರ ಮಕ್ಕಳಾಗಿ ಎಡಕ್ಕೊಂದು ಬಲಕ್ಕೊಂದು ಚಿಕ್ಕ ಗುರಿ: ಈ ಮೂರರ ವ್ಯವಸ್ಥೆಯೇ ಒಳ್ಳೆಯದು. ಚಿಕ್ಕವೆರಡೂ ಒಂದೇ ಬಿಂದುವಿನಲ್ಲಿ ಸೇರಿದರೆ ಕಣ್ಣುಗಳು ಆ ಬಿಂದುವಿನತ್ತ ಒಳಗೆ ವಾಲುತ್ತವೆ. ಕಣ್ಣುಗಳ ನಡುವಿನಷ್ಟೇ ದೂರದಲ್ಲಿ ಬಿಡಿಯಾಗಿ ನಿಂತರೆ ನೋಟಗಳು ಸಮಾನಾಂತರವಾಗುತ್ತವೆ. ಇವೆರಡರ ನಡುವೆ ಜಾರುವ ಸ್ಲೈಡರ್ ಒಂದನ್ನು ಕೊಟ್ಟರೆ ಸಾಕು.

ಒಳವಾಲು ಎಷ್ಟಿರಬೇಕೆಂಬುದು ಸರಳ ಲೆಕ್ಕ. ವಯಸ್ಕರ ಎರಡು ಪಾಪೆಗಳ ನಡುವಿನ ಸರಾಸರಿ ಅಂತರ ಸುಮಾರು 63 ಮಿಲಿಮೀಟರ್. ಗುರಿ 3 ಮೀಟರ್ ದೂರವಿದ್ದರೆ ಪ್ರತಿ ಕಣ್ಣೂ ಸುಮಾರು 0.6 ಡಿಗ್ರಿ ಮಾತ್ರ ಒಳಗೆ ತಿರುಗುತ್ತದೆ, 1 ಮೀಟರಿಗೆ 1.8 ಡಿಗ್ರಿ, 30 ಸೆಂಟಿಮೀಟರಿಗೆ 6 ಡಿಗ್ರಿ, ಮೂಗಿನ ಮುಂದೆ 10 ಸೆಂಟಿಮೀಟರಿಗೆ ಬಂದಾಗ ಮಾತ್ರ 17 ಡಿಗ್ರಿ ದಾಟುತ್ತದೆ. ಆದ್ದರಿಂದ ಗುರಿಯ ಕಂಟ್ರೋಲನ್ನು ಹಿಡಿಯಲು ಸುಲಭವೆಂದು ಮುಖಕ್ಕೆ ತೀರಾ ಹತ್ತಿರ ಇಟ್ಟರೆ, ಎದುರು ನಿಂತವರನ್ನು ನೋಡಬೇಕಾದ ಪಾತ್ರ ತನ್ನ ಮೂಗಿನ ತುದಿಯನ್ನೇ ಧ್ಯಾನಿಸುತ್ತಿರುವಂತೆ ಕಾಣುತ್ತದೆ.

ಲೆಕ್ಕವೆಲ್ಲ ಸರಿಯಿದೆ, ಆದರೂ ಪಾತ್ರಕ್ಕೆ ಮೆಳ್ಳಗಣ್ಣು ಇರುವ ಹಾಗೆ ಕಾಣುತ್ತದೆ. ಏನು ತಪ್ಪಾಗಿದೆ?

ತಪ್ಪಾಗಿರುವುದು ಲೆಕ್ಕವಲ್ಲ, ಪಾಪೆಯ ನಡುವಿನಿಂದ ಹೊರಟ ನೇರ ಗೆರೆಯೇ ನೋಟದ ಗೆರೆ ಎಂಬ ನಂಬಿಕೆ. ಕಣ್ಣಿನ ಹಿಂಪರದೆಯಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವ ಬಿಂದು ಕಣ್ಣಿನ ಜ್ಯಾಮಿತೀಯ ಅಕ್ಷದ ಮೇಲೆ ಇಲ್ಲ, ಕಿವಿಯ ಕಡೆಗೆ ತುಸು ಸರಿದಿದೆ. ಹಾಗಾಗಿ ನಾವು ಯಾವುದನ್ನಾದರೂ ನೇರವಾಗಿ ನೋಡುವಾಗ ಪ್ರತಿ ಕಣ್ಣಿನ ಪಾಪೆಯೂ ಕೆಲವು ಡಿಗ್ರಿ, ಹೆಚ್ಚೆಂದರೆ 5ರ ಆಸುಪಾಸು, ಹೊರಕ್ಕೆ ತಿರುಗಿರುತ್ತದೆ. ಹುಟ್ಟಿದಂದಿನಿಂದ ಇಂಥ ಕಣ್ಣುಗಳನ್ನೇ ನೋಡಿರುವ ನಮಗೆ, ಗಣಿತದ ಪ್ರಕಾರ ಸರಿಯಾಗಿ ಗುರಿಯಿಟ್ಟ ಕಣ್ಣು ಒಳಗೆ ವಾಲಿದಂತೆ ಅನ್ನಿಸುತ್ತದೆ.

ಏಮ್ ಗುಂಪಿನ ಕೆಳಗೆ ಪ್ರತಿ ಕಣ್ಣಿಗೂ 2ರಿಂದ 4 ಡಿಗ್ರಿ ಹೊರವಾಲನ್ನು ಸ್ಥಿರವಾಗಿ ಸೇರಿಸಿ, ಪಾತ್ರ ಕ್ಯಾಮೆರಾವನ್ನು ನೋಡುತ್ತಿರುವ ಚಿತ್ರದಲ್ಲಿ ಅದನ್ನು ಹದಗೊಳಿಸಿ. ಐರಿಸ್ ಅತಿ ದೊಡ್ಡದಿರುವ ಕಾರ್ಟೂನ್ ಪಾತ್ರಗಳಿಗೆ ಇನ್ನೂ ಹೆಚ್ಚು ಬೇಕಾಗಬಹುದು. ಈ ಒಂದು ಸಂಖ್ಯೆಗೆ ಕಂಟ್ರೋಲ್ ಕೊಡದ ರಿಗ್ಗನ್ನು ನಾನು ಪೂರ್ತಿಯಾದ ರಿಗ್ ಎಂದು ಒಪ್ಪುವುದಿಲ್ಲ.

ಗುರಿಯನ್ನು ತಲೆಗೆ ಪೇರೆಂಟ್ ಮಾಡಬೇಕಾ, ಹೊರಗೆ ಬಿಡಬೇಕಾ?

ತಲೆಯನ್ನು ಅಲ್ಲಾಡಿಸುತ್ತಾ ಈ ಸಾಲನ್ನು ಓದಿ ನೋಡಿ: ಅಕ್ಷರಗಳು ನಿಂತಲ್ಲೇ ನಿಂತಿರುತ್ತವೆ. ಒಳಕಿವಿಯ ಸಂವೇದನೆ ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣನ್ನು ತಲೆಗೆ ವಿರುದ್ಧ ದಿಕ್ಕಿಗೆ ತಿರುಗಿಸಿ ನೋಟವನ್ನು ಹಿಡಿದಿಡುವುದರಿಂದ ಹೀಗಾಗುತ್ತದೆ. ಗುರಿ ತಲೆಯ ಹೊರಗಿದ್ದರೆ ಇದೇ ವರ್ತನೆ ರಿಗ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ತಲೆಗೆ ಪೇರೆಂಟ್ ಮಾಡಿದರೆ (ಮಗುವಾಗಿ ಜೋಡಿಸಿದರೆ) ಪ್ರತಿ ತಲೆಯಾಟಕ್ಕೂ ನೋಟ ಕೋಣೆಯ ತುಂಬ ಬೀಸುತ್ತದೆ. ಆದರೂ ತಲೆಗೆ ಅಂಟಿದ ಗುರಿ ನಡೆಯುವ, ಓಡುವ ಚಕ್ರಗಳಲ್ಲಿ ಬೇಕಾಗುತ್ತದೆ, ಇಲ್ಲವಾದರೆ ಪಾತ್ರ ಮುಂದೆ ಹೋಗಿ ಗುರಿ ಹಿಂದೆಯೇ ಉಳಿದುಬಿಡುತ್ತದೆ. ಹಾಗಾಗಿ ಪ್ರಪಂಚ, ದೇಹದ ಮೂಲ ಕಂಟ್ರೋಲ್, ತಲೆ ಈ ಮೂರರ ನಡುವೆ ಬದಲಿಸುವ ಸ್ವಿಚ್ ಕೊಡಿ. ಡಿಫಾಲ್ಟಾಗಿ ದೇಹದ ಮೂಲವೇ ಇರಲಿ. ನನ್ನ ಮೊದಲ ರಿಗ್‌ನಲ್ಲಿ ಗುರಿ ತಲೆಗೇ ಅಂಟಿತ್ತು, ಮತ್ತು ಆ ಪಾತ್ರವನ್ನು ಆಡಿಸಿದ ಗೆಳೆಯ ಪ್ರತಿ ತಲೆಯಾಟಕ್ಕೂ ಕಣ್ಣಿಗೆ ವಿರುದ್ಧ ಕೀ (ಆ ಫ್ರೇಮಿನಲ್ಲಿ ಅದು ಎಲ್ಲಿರಬೇಕೆಂಬ ಗುರುತು) ಹಾಕಿ ಹಾಕಿ ಸೋತುಹೋಗಿದ್ದ.

ಕಣ್ಣು ಎಷ್ಟು ಡಿಗ್ರಿ ತಿರುಗಲು ಬಿಡಬೇಕು?

ಮನುಷ್ಯನ ಕಣ್ಣು ಅಕ್ಕಪಕ್ಕಕ್ಕೆ ಸುಮಾರು 45ರಿಂದ 50 ಡಿಗ್ರಿಯವರೆಗೆ ತಿರುಗಬಲ್ಲದು, ಮೇಲಕ್ಕೆ ಅದಕ್ಕಿಂತ ಕಡಿಮೆ. ಆದರೆ ಅದು ಬಲವಂತದ ತುದಿ. ನಿತ್ಯದ ನೋಟದಲ್ಲಿ 20 ಡಿಗ್ರಿ ದಾಟುವ ಮೊದಲೇ ತಲೆ ನೆರವಿಗೆ ಬರುತ್ತದೆ. ನಾನು ಅಕ್ಕಪಕ್ಕಕ್ಕೆ 35, ಮೇಲಕ್ಕೆ 25, ಕೆಳಕ್ಕೆ 30 ಎಂದು ಆರಂಭಿಸುತ್ತೇನೆ. ಗೋಡೆಗೆ ಬಡಿದು ನಿಂತಂಥ ಮಿತಿ ಬೇಡ. ಮೊದಲ 25 ಡಿಗ್ರಿ ಗುರಿಯೊಡನೆ ಸಮಸಮವಾಗಿ ತಿರುಗಿ, ಆಮೇಲೆ ನಿಧಾನವಾಗಿ ಬಿಗಿಯುತ್ತಾ 35ರತ್ತ ಸಾಗುವ ವಕ್ರರೇಖೆಯಿಂದ ಮಿತಿ ಹಾಕಿದರೆ, ಗುರಿ ಬೆನ್ನ ಹಿಂದಕ್ಕೆ ಹೋಗುವಾಗಲೂ ಕಣ್ಣು ಗಕ್ಕನೆ ನಿಂತಂತೆ ಕಾಣುವುದಿಲ್ಲ.

ಪೋಸರ್ ಅಥವಾ ಡ್ಯಾಜ್ ಸ್ಟುಡಿಯೋದಲ್ಲಿ ಸಿದ್ಧ ಫಿಗರ್ ಇದೆ. ನಾನೇ ರಿಗ್ ಕಟ್ಟಬೇಕಾ?

ಬೇಕಿಲ್ಲ. ಎರಡರಲ್ಲಿಯೂ ಪಾಯಿಂಟ್ ಅಟ್ ಎಂಬ ಸೌಲಭ್ಯವಿದೆ. ಖಾಲಿ ವಸ್ತುವೊಂದನ್ನು ದೃಶ್ಯದಲ್ಲಿಟ್ಟು ಎಡ, ಬಲ ಕಣ್ಣುಗಳನ್ನು ಒಂದೊಂದಾಗಿ ಅದರತ್ತ ತಿರುಗಿಸಿದರೆ ಅದೇ ನಿಮ್ಮ ಗುರಿಯ ಕಂಟ್ರೋಲ್. ಕ್ಯಾಮೆರಾವನ್ನೇ ಗುರಿಯಾಗಿ ಆಯ್ದರೆ ಪಾತ್ರ ನೋಡುವವರ ಮೇಲಿಂದ ಕಣ್ಣು ಕೀಳುವುದಿಲ್ಲ. ಪಾಯಿಂಟ್ ಅಟ್ ತಿರುಗಿಸುವುದು ಗುಡ್ಡೆಯನ್ನು ಮಾತ್ರ. ರೆಪ್ಪೆ ತಾನಾಗಿ ಜೊತೆಗೂಡದ ಫಿಗರುಗಳಲ್ಲಿ ರೆಪ್ಪೆಯ ಡಯಲುಗಳನ್ನು ನೀವೇ ತಿರುಗಿಸಬೇಕಾಗುತ್ತದೆ.

## ರೆಪ್ಪೆಗಳು

ಗುಡ್ಡೆ ಸೊಗಸಾಗಿ ತಿರುಗುತ್ತದೆ, ಆದರೂ ಗೊಂಬೆಯ ಕಣ್ಣಿನಂತಿದೆ. ಏನು ಕಡಿಮೆಯಾಗಿದೆ?

ಕನ್ನಡಿಯ ಮುಂದೆ ನಿಂತು ತಲೆ ಕದಲಿಸದೆ ಕೆಳಗೆ ನೋಡಿ. ಮೇಲ್‌ರೆಪ್ಪೆ ಐರಿಸ್‌ನ ಮೇಲಂಚನ್ನು ಬಿಡದೆ ಅದರ ಜೊತೆಯಲ್ಲೇ ಇಳಿಯುತ್ತದೆ. ಮೇಲೆ ನೋಡಿದರೆ ಜೊತೆಯಲ್ಲೇ ಏರುತ್ತದೆ. ಗುಡ್ಡೆಯನ್ನು ಮೇಲೆತ್ತುವ ಸ್ನಾಯುವೂ ರೆಪ್ಪೆಯನ್ನೆತ್ತುವ ಸ್ನಾಯುವೂ ಹೊಂದಿಕೊಂಡು ಕೆಲಸ ಮಾಡುವುದರಿಂದ ಇವೆರಡನ್ನೂ ಬೇರ್ಪಡಿಸಲು ಬರುವುದಿಲ್ಲ. ರಿಗ್‌ನಲ್ಲಿ ರೆಪ್ಪೆ ಕದಲದೆ ಗುಡ್ಡೆ ಮಾತ್ರ ಇಳಿದರೆ ಐರಿಸ್ ಮೇಲೆ ಬಿಳಿಯ ಪಟ್ಟಿ ಕಾಣುತ್ತದೆ, ಮತ್ತು ಮನುಷ್ಯನ ಮುಖದಲ್ಲಿ ಆ ಪಟ್ಟಿ ಕಾಣುವುದು ಬಹುತೇಕ ಭಯ, ಬೆರಗುಗಳಲ್ಲಿ. ಪುಸ್ತಕ ಓದುತ್ತಿರುವ ಪಾತ್ರ ಬೆಚ್ಚಿಬಿದ್ದಂತೆ ಕಾಣುವುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ಗುಡ್ಡೆಯ ಮೇಲೆ ಕೆಳಗಿನ ತಿರುಗುವಿಕೆಯಲ್ಲಿ 70ರಿಂದ 80 ಪ್ರತಿಶತವನ್ನು ಮೇಲ್‌ರೆಪ್ಪೆಗೂ 30ರಿಂದ 40 ಪ್ರತಿಶತವನ್ನು ಕೆಳರೆಪ್ಪೆಗೂ ಹಾಯಿಸಿ ನಾನು ಕೆಲಸ ಆರಂಭಿಸುತ್ತೇನೆ. ಅಕ್ಕಪಕ್ಕದ ಚಲನೆಯಲ್ಲಿ 10 ಪ್ರತಿಶತದಷ್ಟು ಸಾಕು. ಆಗ ರೆಪ್ಪೆಯ ಕಮಾನಿನ ಎತ್ತರದ ಬಿಂದು ಪಾಪೆಯ ಹಿಂದೆ ತುಸು ಸರಿಯುತ್ತದೆ. ಈ ಪ್ರಮಾಣಗಳನ್ನು ಡ್ರೈವರಿನೊಳಗೆ (ಒಂದು ಮೌಲ್ಯದಿಂದ ಇನ್ನೊಂದನ್ನು ನಡೆಸುವ ಸೂತ್ರದೊಳಗೆ) ಹೂತುಬಿಡದೆ ಆ್ಯನಿಮೇಟರ್ ಕೈಗೆ ಸಿಗುವ ಸಂಖ್ಯೆಗಳಾಗಿ ಇಡಿ, ಏಕೆಂದರೆ ಬೆಚ್ಚಿಬೀಳುವ ದೃಶ್ಯವೂ ಒಂದು ದಿನ ಬಂದೇ ಬರುತ್ತದೆ.

ಶೇಪ್ ಕೀ ಬಳಸಿ ಕಣ್ಣು ಮುಚ್ಚಿಸಿದರೆ ಅರ್ಧ ದಾರಿಯಲ್ಲಿ ರೆಪ್ಪೆ ಗುಡ್ಡೆಯೊಳಗೆ ಹೊಕ್ಕುಬಿಡುತ್ತದೆ.

ಶೇಪ್ ಕೀ, ಅಥವಾ ಬ್ಲೆಂಡ್‌ಶೇಪ್, ಎಂದರೆ ಮೊದಲೇ ಕೆತ್ತಿಟ್ಟ ಆಕಾರ; ಅದರತ್ತ ಸಾಗುವಾಗ ಅದು ಪ್ರತಿ ವರ್ಟೆಕ್ಸನ್ನೂ ನೇರ ಗೆರೆಯಲ್ಲಿ ಸಾಗಿಸುತ್ತದೆ. ರೆಪ್ಪೆ ಸಾಗಬೇಕಾದದ್ದು ಗುಡ್ಡೆಯ ಮೇಲಿನ ಕಮಾನಿನಲ್ಲಿ. ಮುಚ್ಚುವಾಗ ರೆಪ್ಪೆಯ ಅಂಚು 12 ಮಿಲಿಮೀಟರ್ ತ್ರಿಜ್ಯದ ಗೋಳದ ಮೇಲೆ 60 ಡಿಗ್ರಿ ಜಾರುತ್ತದೆ ಎಂದಿಟ್ಟುಕೊಂಡರೆ, ನೇರ ಗೆರೆಯ ನಡುಬಿಂದು ಗೋಳದ ಮೇಲ್ಮೈಗಿಂತ ಸುಮಾರು 1.6 ಮಿಲಿಮೀಟರ್ ಒಳಗಿರುತ್ತದೆ. ಅರ್ಧ ಮುಚ್ಚಿದ ಸ್ಥಿತಿಗೆ ಸರಿಯಾಗಿ ಕೆತ್ತಿದ ಇನ್ನೊಂದು ಆಕಾರವನ್ನು ನಡುವೆ ಸೇರಿಸಿದರೆ ಆ ಒಳಹೊಕ್ಕು 0.4 ಮಿಲಿಮೀಟರಿಗೆ ಇಳಿಯುತ್ತದೆ, ರೆಪ್ಪೆಯ ದಪ್ಪ ಉಳಿದದ್ದನ್ನು ಮುಚ್ಚಿಕೊಳ್ಳುತ್ತದೆ. ಇನ್ನೊಂದು ದಾರಿ, ಗುಡ್ಡೆಯ ಕೇಂದ್ರದಲ್ಲೇ ಪಿವಟ್ ಇರುವ ಬೋನುಗಳಿಂದ ರೆಪ್ಪೆಯನ್ನು ತಿರುಗಿಸುವುದು. ತಿರುಗುವಿಕೆಯಿಂದ ಹುಟ್ಟುವ ದಾರಿ ತಾನಾಗಿಯೇ ಕಮಾನು.

ರೆಪ್ಪೆಗೆ ಎಷ್ಟು ಜಾಯಿಂಟ್ ಬೇಕು?

ಸರಳ ಪಾತ್ರಕ್ಕೆ ಮೇಲೊಂದು, ಕೆಳಗೊಂದು ಸಾಕು. ನೈಜತೆ ಬೇಕಾದ ಮುಖಕ್ಕೆ ರೆಪ್ಪೆಯಂಚಿನ ಪ್ರತಿ ವರ್ಟೆಕ್ಸಿಗೂ ಒಂದೊಂದು ಜಾಯಿಂಟ್ ಇಡುವ ಪದ್ಧತಿ ಮಾಯಾ ಬಳಸುವವರಲ್ಲಿ ಬಹಳ ಬಳಕೆಯಲ್ಲಿದೆ. ಗುಡ್ಡೆಯ ಕೇಂದ್ರದಿಂದ ಹೊರಟು ಅಂಚಿನ ಒಂದೊಂದು ವರ್ಟೆಕ್ಸಿನಲ್ಲಿ ಮುಗಿಯುವ ಜಾಯಿಂಟುಗಳನ್ನು ಛತ್ರಿಯ ಕಡ್ಡಿಗಳಂತೆ ಹರಡಿ, ಪ್ರತಿಯೊಂದೂ ರೆಪ್ಪೆಯಂಚಿನ ಮೇಲೆ ಎಳೆದ ಕರ್ವ್‌ನ ಒಂದು ಬಿಂದುವನ್ನು ನೋಡುವಂತೆ ಏಮ್ ಮಾಡುತ್ತಾರೆ. ಈ ಕರ್ವನ್ನು ಐದಾರು ಬಿಂದುಗಳಷ್ಟೇ ಇರುವ ಇನ್ನೊಂದು ಸರಳ ಕರ್ವ್ ವೈರ್ ಡಿಫಾರ್ಮರ್ (ಒಂದು ಗೆರೆ ಬಾಗಿದಂತೆ ಇನ್ನೊಂದನ್ನು ಬಾಗಿಸುವ ಸಲಕರಣೆ) ಮೂಲಕ ಎಳೆದಾಡಿಸುತ್ತದೆ. ಆ್ಯನಿಮೇಟರ್ ಕೈಗೆ ಸಿಗುವುದು ಈ ಸರಳ ಕರ್ವ್‌ನ ಕಂಟ್ರೋಲುಗಳು ಮಾತ್ರ. ಜಾಯಿಂಟುಗಳೆಲ್ಲ ಕೇಂದ್ರದಿಂದಲೇ ತಿರುಗುವುದರಿಂದ ಕರ್ವನ್ನು ಹೇಗೆ ಎಳೆದರೂ ಅಂಚು ಗೋಳವನ್ನು ಬಿಟ್ಟು ಹೋಗುವುದಿಲ್ಲ, ಇದೇ ಈ ಪದ್ಧತಿಯ ಸೊಗಸು.

ಇದರ ಬೆಲೆಯೂ ಇದೆ. ಒಂದು ಕಣ್ಣಿಗೆ ಮೂವತ್ತು ನಲವತ್ತು ಜಾಯಿಂಟ್ ಸುಲಭವಾಗಿ ಆಗುತ್ತವೆ, ಮತ್ತು ಗೇಮ್‌ಗೆ ಹೋಗುವ ಪಾತ್ರದಲ್ಲಿ ಇಷ್ಟಕ್ಕೆ ಜಾಗವಿರುವುದು ಅಪರೂಪ. ಅಲ್ಲಿ ಮೇಲ್‌ರೆಪ್ಪೆಗೆ ಮೂರು, ಕೆಳರೆಪ್ಪೆಗೆ ಮೂರು, ಮೂಲೆಗಳಿಗೆ ಒಂದೊಂದು ಎಂಬ ಎಂಟರ ವ್ಯವಸ್ಥೆ ನನಗೆ ಸಾಕೆನಿಸಿದೆ.

ಪಾತ್ರ ಕೆಳಗೆ ನೋಡುತ್ತಿರುವಾಗ ಮಿಟುಕಿಸಿದರೆ ಮೇಲ್‌ರೆಪ್ಪೆ ಕೆಳರೆಪ್ಪೆಯನ್ನು ದಾಟಿ ಕೆನ್ನೆಗೆ ಇಳಿಯುತ್ತದೆ!

ಹಿಂಬಾಲಿಸುವ ಚಲನೆಯನ್ನೂ ಮುಚ್ಚುವ ಚಲನೆಯನ್ನೂ ಬರಿದೇ ಕೂಡಿಸಿರುವುದರ ಫಲ ಇದು. ಮುಚ್ಚುವುದೆಂದರೆ ‘ಇಷ್ಟು ಡಿಗ್ರಿ ಇಳಿ’ ಎಂದಲ್ಲ, ‘ಈಗಿರುವಲ್ಲಿಂದ ಮುಚ್ಚುವ ಗೆರೆಯವರೆಗೆ ಹೋಗು’ ಎಂದು. ಅಂದರೆ ರೆಪ್ಪೆಯ ಸ್ಥಾನ = ಹಿಂಬಾಲಿಸಿದ ಸ್ಥಾನ + ಮಿಟುಕಿನ ಪ್ರಮಾಣ × (ಮುಚ್ಚುವ ಗೆರೆ − ಹಿಂಬಾಲಿಸಿದ ಸ್ಥಾನ). ಮಿಟುಕಿನ ಪ್ರಮಾಣ ಒಂದಾದಾಗ ಹಿಂಬಾಲಿಸಿದ ಸ್ಥಾನ ತಾನಾಗಿ ಲೆಕ್ಕದಿಂದ ಬಿದ್ದುಹೋಗಿ ಗೆರೆ ಮಾತ್ರ ಉಳಿಯುತ್ತದೆ. ಎರಡೂ ರೆಪ್ಪೆಗಳಿಗೆ ಇದೇ ಸೂತ್ರ ಬಳಸಿ, ಮುಚ್ಚುವ ಗೆರೆಯ ಎತ್ತರಕ್ಕೆ ಒಂದು ಕಂಟ್ರೋಲ್ ಕೊಡಿ. ಸಾಮಾನ್ಯ ಮಿಟುಕಿನಲ್ಲಿ ಮೇಲ್‌ರೆಪ್ಪೆಯೇ ಬಹುಪಾಲು ದಾರಿ ಕ್ರಮಿಸುವುದರಿಂದ ಆ ಗೆರೆ ಕೆಳರೆಪ್ಪೆಗೆ ಹತ್ತಿರವಿರಬೇಕು, ಕಣ್ಣಿನ ನಡುವೆ ಅಲ್ಲ.

ಕಣ್ಣಿಗೆ ಯಾವ ಯಾವ ಆಕಾರಗಳನ್ನು ಕೆತ್ತಬೇಕು?

ಪಾಲ್ ಎಕ್‌ಮನ್ ಮತ್ತು ವಾಲೆಸ್ ಫ್ರೀಸೆನ್ 1978ರಲ್ಲಿ ಪ್ರಕಟಿಸಿದ ಫೇಶಿಯಲ್ ಆ್ಯಕ್ಷನ್ ಕೋಡಿಂಗ್ ಸಿಸ್ಟಮ್ ಮುಖದ ಚಲನೆಗಳನ್ನು ಸಂಖ್ಯೆಗಳಿಂದ ಗುರುತಿಸುತ್ತದೆ, ಮತ್ತು ಅದರ ಕಣ್ಣಿನ ಭಾಗ ರಿಗ್ಗರ್‌ಗೆ ಒಳ್ಳೆಯ ಪಟ್ಟಿ. 5 ಮೇಲ್‌ರೆಪ್ಪೆ ಎತ್ತುವುದು, 6 ಕೆನ್ನೆ ಏರಿ ಕಣ್ಣು ಕಿರಿದಾಗುವುದು, 7 ರೆಪ್ಪೆ ಬಿಗಿಯುವುದು, 43 ಕಣ್ಣು ಮುಚ್ಚುವುದು, 45 ಮಿಟುಕು. ಇವುಗಳಲ್ಲಿ 6 ಮತ್ತು 7ನ್ನು ಒಂದೇ ಆಕಾರವಾಗಿ ಕೆತ್ತುವ ತಪ್ಪು ಸಾಮಾನ್ಯ. ಮೊದಲನೆಯದು ನಗುವಿನದು, ಎರಡನೆಯದು ಅನುಮಾನದಿಂದ ಕಣ್ಣು ಕಿರಿದಾಗಿಸುವಾಗಿನದು, ಅವು ಬೇರೆಯಾಗಿದ್ದರೇನೇ ಮುಖಕ್ಕೆ ಅರ್ಥ ಬರುವುದು.

ಫೋನಿನ ಕ್ಯಾಮೆರಾದಿಂದ ಮುಖದ ಅಭಿನಯ ಹಿಡಿಯುವವರು ಆಪಲ್‌ನ ಎಆರ್‌ಕಿಟ್ ಕೊಡುವ 52 ಆಕಾರಗಳನ್ನು ಅನುಸರಿಸುತ್ತಾರೆ, ಅವುಗಳಲ್ಲಿ 14 ಕಣ್ಣಿನವು: ಪ್ರತಿ ಕಣ್ಣಿಗೂ ನಾಲ್ಕು ದಿಕ್ಕಿನ ನೋಟ, ಮಿಟುಕು, ಕಿರಿದಾಗಿಸುವುದು, ಅರಳಿಸುವುದು. ಗುಡ್ಡೆ ಬೋನಿನಿಂದ ತಿರುಗುತ್ತಿದ್ದರೆ ನೋಟದ ಆ ಆಕಾರಗಳಲ್ಲಿ ರೆಪ್ಪೆಯ ಚಲನೆಯನ್ನು ಮಾತ್ರ ಕೆತ್ತಿ. ಗುಡ್ಡೆಯನ್ನೂ ಅವುಗಳಲ್ಲಿ ಸರಿಸಿದರೆ ತಿರುಗುವಿಕೆ ಎರಡು ಪಟ್ಟಾಗುತ್ತದೆ.

## ಮುಂದಿನ ಹಂತ

ಕಾರ್ಟೂನ್ ಪಾತ್ರದ ಕಣ್ಣು ಮೊಟ್ಟೆಯ ಆಕಾರದಲ್ಲಿದೆ. ತಿರುಗಿಸಿದರೆ ಮೊಟ್ಟೆಯೇ ತಿರುಗಿಬಿಡುತ್ತದೆ.

ಗುಡ್ಡೆಯನ್ನು ಮೊದಲು ಶುದ್ಧ ಗೋಳವಾಗಿಯೇ ಮಾಡಿ, ಗೋಳವಾಗಿಯೇ ತಿರುಗಿಸಿ, ಆಮೇಲೆ ಮೊಟ್ಟೆಯಾಗಿ ಹಿಗ್ಗಿಸಿ. ಈ ಅನುಕ್ರಮದಲ್ಲೇ ಉತ್ತರವಿದೆ. ಹಿಗ್ಗಿಸುವ ಕೆಲಸವನ್ನು ತಲೆಗೆ ಪೇರೆಂಟ್ ಆದ ಲ್ಯಾಟಿಸ್ (ಒಳಗಿನ ಮೆಶ್ಶನ್ನು ತನ್ನೊಡನೆ ಬಾಗಿಸುವ ಪಂಜರ) ಮಾಡಲಿ, ಮತ್ತು ಅದು ತಿರುಗುವಿಕೆಯ ನಂತರ ಕೆಲಸ ಮಾಡಲಿ: ಬ್ಲೆಂಡರ್‌ನ ಮಾಡಿಫೈಯರ್ ಸಾಲಿನಲ್ಲಿ ಬೋನುಗಳ ಪ್ರಭಾವ ತರುವ ಆರ್ಮೇಚರ್‌ನ ಕೆಳಗೆ ಲ್ಯಾಟಿಸ್ ಬರಬೇಕು, ಮಾಯಾದಲ್ಲಿ ಅದೇ ಕೆಲಸದ ಸ್ಕಿನ್ ಕ್ಲಸ್ಟರ್ ಆದ ಮೇಲೆ. ಆಗ ಹೊರರೂಪ ನಿಂತಲ್ಲೇ ನಿಂತು ಐರಿಸ್ ಅದರ ಮೇಲ್ಮೈಯಲ್ಲಿ ಜಾರುತ್ತದೆ. ಐರಿಸ್ ಅಂಚಿಗೆ ಹೋದಾಗ ಕೊಂಚ ಹಿಗ್ಗಿ ಕುಗ್ಗುವುದು ಸಹಜ. ಕಾರ್ಟೂನಿಗೆ ಅದು ಶೋಭಿಸುತ್ತದೆ. ರೆಪ್ಪೆಗಳನ್ನೂ ಅದೇ ಲ್ಯಾಟಿಸ್‌ನೊಳಗೆ ಸೇರಿಸಿದರೆ ಗೋಳಕ್ಕೆ ಕೂರಿಸಿದ ರೆಪ್ಪೆಯ ರಿಗ್ ಮೊಟ್ಟೆಗೂ ಒದಗುತ್ತದೆ.

ಅನಿಮೆ ಶೈಲಿಯ ಚಪ್ಪಟೆ ಕಣ್ಣಿಗೆ ಏನು ಮಾಡುವುದು? ಅಲ್ಲಿ ಗೋಳವೇ ಇಲ್ಲವಲ್ಲ.

ಎರಡು ದಾರಿಗಳಿವೆ. ಚಪ್ಪಟೆ ಎಂದು ಕಾಣುವ ಆ ಮೇಲ್ಮೈಗೂ ಸಾಮಾನ್ಯವಾಗಿ ತುಸು ಬಾಗು ಇರುತ್ತದೆ. ಆ ಬಾಗು ಯಾವ ದೊಡ್ಡ ಗೋಳದ ಚೂರೋ ಅದರ ಕೇಂದ್ರದಲ್ಲಿ, ಅಂದರೆ ತಲೆಯೊಳಗೆ ಬಹಳ ಹಿಂದೆ, ಬೋನಿನ ಬುಡವನ್ನಿಟ್ಟು ಕೆಲವೇ ಡಿಗ್ರಿ ತಿರುಗಿಸಿದರೆ ಐರಿಸ್ ಮೇಲ್ಮೈಯುದ್ದಕ್ಕೂ ಜಾರುತ್ತದೆ. ಎರಡನೆಯದು, ಮೆಶ್ ಅಲ್ಲಾಡದೆ ಐರಿಸ್ ಚಿತ್ರದ ಯುವಿ ಸ್ಥಾನವನ್ನು (ಮೆಶ್‌ನ ಮೇಲೆ ಚಿತ್ರ ಕೂರುವ ಜಾಗವನ್ನು) ಕಂಟ್ರೋಲಿನಿಂದ ಸರಿಸುವುದು. ಎರಡನೆಯದರಲ್ಲಿ ಕಣ್ಣು ಯಾವ ಆಕಾರದ್ದಾದರೂ ನಡೆಯುತ್ತದೆ, ಆದರೆ ಗುರಿಯ ದಿಕ್ಕನ್ನು ಯುವಿಯ ಅಳತೆಗೆ ತರ್ಜುಮೆ ಮಾಡುವ ಡ್ರೈವರನ್ನು ನೀವೇ ಬರೆಯಬೇಕು.

ಪಾಪೆ ಹಿಗ್ಗುವುದು ಕುಗ್ಗುವುದು ರಿಗ್‌ನಲ್ಲಿ ಇರಬೇಕಾ?

ಸ್ಲೈಡರ್ ಒಂದು ಇರಲಿ, ಎರಡು ಕಣ್ಣಿಗೂ ಸೇರಿ. ಮನುಷ್ಯನ ಪಾಪೆಯ ವ್ಯಾಸ ಬೆಳಕಿಗೆ ತಕ್ಕಂತೆ ಸುಮಾರು 2ರಿಂದ 8 ಮಿಲಿಮೀಟರ್‌ವರೆಗೆ ಬದಲಾಗುತ್ತದೆ, ಮತ್ತು ಬೆಳಕು ಒಂದೇ ಕಣ್ಣಿಗೆ ಬಿದ್ದರೂ ಎರಡೂ ಪಾಪೆಗಳು ಒಟ್ಟಿಗೇ ಕುಗ್ಗುತ್ತವೆ. ಕುಗ್ಗುವುದು ಬೇಗ, ಹಿಗ್ಗುವುದು ನಿಧಾನ. ಗೇಮ್ ಪಾತ್ರಗಳಲ್ಲಿ ಇದನ್ನು ಶೇಡರ್‌ನೊಳಗೆ (ಮೇಲ್ಮೈ ಹೇಗೆ ಕಾಣಬೇಕೆಂದು ಲೆಕ್ಕ ಹಾಕುವ ಪ್ರೋಗ್ರಾಮಿನೊಳಗೆ) ಮಾಡುವುದು ಅಗ್ಗ.

ರಿಗ್ ಎಲ್ಲ ಸರಿಯಿದೆ, ಕಣ್ಣು ಮಾತ್ರ ನೀರಿನಲ್ಲಿ ತೇಲಿದಂತೆ ಚಲಿಸುತ್ತದೆ. ರಿಗ್‌ನಲ್ಲಿ ಏನು ಬದಲಿಸಲಿ?

ರಿಗ್‌ನಲ್ಲಿ ಏನನ್ನೂ ಬದಲಿಸಬೇಕಿಲ್ಲ. ಕೀಫ್ರೇಮುಗಳ ನಡುವಿನ ಮೆತ್ತಗಿನ ವಕ್ರರೇಖೆಯನ್ನು ತೆಗೆಯಬೇಕು. ಕಣ್ಣು ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೋಗುವುದು ಜಿಗಿತದಿಂದ. 5 ಡಿಗ್ರಿಯ ಜಿಗಿತಕ್ಕೆ ಸುಮಾರು 30 ಮಿಲಿಸೆಕೆಂಡು, 20 ಡಿಗ್ರಿಯದಕ್ಕೆ ಸುಮಾರು 65. ಸೆಕೆಂಡಿಗೆ 24 ಫ್ರೇಮಿನ ಚಿತ್ರದಲ್ಲಿ ಒಂದು ಫ್ರೇಮೆಂದರೆ ಸುಮಾರು 42 ಮಿಲಿಸೆಕೆಂಡು; ಅಂದರೆ ಸಣ್ಣ ಜಿಗಿತ ಒಂದೇ ಫ್ರೇಮಿನಲ್ಲಿ, ದೊಡ್ಡದು ಎರಡರಲ್ಲಿ ಮುಗಿಯಬೇಕು. ಜಿಗಿದ ಮೇಲೆ ಕಣ್ಣು ಸಾಮಾನ್ಯವಾಗಿ 200ರಿಂದ 300 ಮಿಲಿಸೆಕೆಂಡು, ಅಂದರೆ ಐದರಿಂದ ಏಳು ಫ್ರೇಮ್, ನಿಂತು ನೋಡುತ್ತದೆ. ಎಂಟು ಹತ್ತು ಫ್ರೇಮುಗಳಲ್ಲಿ ಮೆಲ್ಲನೆ ಹೊರಟು ಮೆಲ್ಲನೆ ನಿಲ್ಲುವ ಕಣ್ಣು ಮಂಪರಿನಲ್ಲಿರುವವರದು.

ಇದಕ್ಕೆ ಒಂದು ಅಪವಾದವಿದೆ. ಹಾರುವ ಹಕ್ಕಿಯನ್ನೋ ಉರುಳುವ ಚೆಂಡನ್ನೋ ಹಿಂಬಾಲಿಸುವಾಗ ಕಣ್ಣು ನಯವಾಗಿ ಜಾರುತ್ತದೆ, ಆದರೆ ಜಾರಲು ಚಲಿಸುವ ವಸ್ತುವೊಂದು ಬೇಕೇ ಬೇಕು. ನಿಂತ ಗೋಡೆಯ ಮೇಲೆ ಕಣ್ಣನ್ನು ಹಾಗೆ ಜಾರಿಸಲು ನಿಮ್ಮಿಂದಲೂ ಆಗದು, ಪ್ರಯತ್ನಿಸಿ ನೋಡಿ.

ಮಿಟುಕಿನ ಕಾಲವೂ ಇದೇ ಲೆಕ್ಕಕ್ಕೆ ಬರುತ್ತದೆ. ವಿರಾಮದಲ್ಲಿರುವ ವಯಸ್ಕರು ನಿಮಿಷಕ್ಕೆ ಸುಮಾರು 15ರಿಂದ 20 ಬಾರಿ ಕಣ್ಣು ಮಿಟುಕಿಸುತ್ತಾರೆ, ಓದುವಾಗ ಕಡಿಮೆ. ಮುಚ್ಚುವುದಕ್ಕೆ ಎರಡು ಫ್ರೇಮ್, ತೆರೆಯುವುದಕ್ಕೆ ಮೂರೋ ನಾಲ್ಕೋ ಇರಲಿ, ಏಕೆಂದರೆ ಮುಚ್ಚುವುದಕ್ಕಿಂತ ತೆರೆಯುವುದು ನಿಧಾನ. ನೋಟ ದೂರಕ್ಕೆ ಹೊರಳುವಾಗ ಮಿಟುಕು ಜೊತೆಗೂಡುವುದು ಸಾಮಾನ್ಯವಾದ್ದರಿಂದ ಅದನ್ನು ಅಲ್ಲೇ ಸೇರಿಸಿ. ಎವೆಯಿಕ್ಕದವರನ್ನು ಅನಿಮಿಷರೆಂದು ಕರೆದು ದೇವತೆಗಳ ಸಾಲಿಗೆ ಸೇರಿಸಿದ ಭಾಷೆ ನಮ್ಮದು. ಮನುಷ್ಯ ಪಾತ್ರ ಬಿಟ್ಟ ಕಣ್ಣು ಬಿಟ್ಟಂತೆ ಇದ್ದರೆ ನೋಡುವವರಿಗೆ ಮುಜುಗರವಾಗುವುದು ಸಹಜ.

ಗೇಮ್ ಇಂಜಿನ್‌ಗೆ ಕಳಿಸಿದ ಮೇಲೆ ಕಣ್ಣು ಗುರಿಯನ್ನು ನೋಡುವುದೇ ಇಲ್ಲ.

ಎಫ್‌ಬಿಎಕ್ಸ್ ಅಥವಾ ಜಿಎಲ್‌ಟಿಎಫ್ ಕಡತದ ಮೂಲಕ ಕಳಿಸಿದಾಗ ಬೋನು, ತೂಕ, ಆಕಾರ, ಕೀಫ್ರೇಮುಗಳು ಹೋಗುತ್ತವೆ. ನೀವು ಕಟ್ಟಿದ ಕನ್‌ಸ್ಟ್ರೇಂಟು, ಡ್ರೈವರು, ಲ್ಯಾಟಿಸ್‌ಗಳು ಇಂಜಿನ್‌ನಲ್ಲಿ ಕೆಲಸ ಮಾಡುತ್ತವೆಂದು ನಂಬುವಂತಿಲ್ಲ. ಮೊದಲೇ ಸಿದ್ಧವಾದ ಆ್ಯನಿಮೇಶನ್ ಆದರೆ ಕಳಿಸುವ ಮುನ್ನ ಎಲ್ಲವನ್ನೂ ಗುಡ್ಡೆ ಮತ್ತು ರೆಪ್ಪೆಯ ಬೋನುಗಳ ಕೀಫ್ರೇಮುಗಳಾಗಿ ಬೇಕ್ ಮಾಡಿ, ಅಂದರೆ ಪ್ರತಿ ಫ್ರೇಮಿನ ಫಲಿತಾಂಶವನ್ನೇ ಬರೆದಿಡಿ. ಆಟದ ನಡುವೆಯೇ ಆಟಗಾರನನ್ನು ನೋಡಬೇಕಾದ ಕಣ್ಣಾದರೆ ಏಮ್, ಮಿತಿ, ಹೊರವಾಲು, ರೆಪ್ಪೆಯ ಹಿಂಬಾಲಿಕೆ ನಾಲ್ಕನ್ನೂ ಇಂಜಿನ್‌ನಲ್ಲೇ ಮತ್ತೆ ಕಟ್ಟಬೇಕು. ಯೂನಿಟಿ ಇಂಜಿನ್‌ನ ಹ್ಯೂಮನಾಯ್ಡ್ (ಮನುಷ್ಯಾಕೃತಿಯ ಪಾತ್ರಗಳ) ವ್ಯವಸ್ಥೆಯಲ್ಲಿ ಎಡ, ಬಲ ಕಣ್ಣಿನ ಬೋನುಗಳಿಗೆ ಐಚ್ಛಿಕ ಸ್ಥಾನಗಳಿವೆ. ಅವುಗಳನ್ನು ತುಂಬಿದ್ದೀರೋ ಇಲ್ಲವೋ ಎಂದು ಮೊದಲು ನೋಡಿ.

ಗುರಿಯನ್ನು ಸರಿಸಿದರೆ ಕಣ್ಣಿನ ಹಿಂದೆ ತಲೆಯೂ ತಾನಾಗಿ ತಿರುಗಬೇಕು. ಹಾಗೆ ಮಾಡಿದರೆ ಡಿಪೆಂಡೆನ್ಸಿ ಸೈಕಲ್ ಎಂಬ ಎಚ್ಚರಿಕೆ ಬರುತ್ತದೆ.

ಗುರಿ ತಲೆಯ ಮಗುವಾಗಿದ್ದು, ತಲೆ ಗುರಿಯನ್ನು ನೋಡಿ ತಿರುಗಬೇಕಾದರೆ ಇಬ್ಬರೂ ಪರಸ್ಪರ ಕಾಯುತ್ತಾ ಕೂರುತ್ತಾರೆ. ತಲೆಯೂ ಗುರಿಯನ್ನು ಹಿಂಬಾಲಿಸುವ ಸ್ಥಿತಿಯಲ್ಲಿ ಗುರಿ ಕಡ್ಡಾಯವಾಗಿ ತಲೆಯ ಹೊರಗೆ, ಎದೆಯ ಅಥವಾ ದೇಹದ ಮೂಲದ ಕೆಳಗೆ ಇರಬೇಕು. ಗುರಿಯ ಸ್ವಿಚ್ಚಿನಲ್ಲಿ ತಲೆಯ ಆಯ್ಕೆ ಬಳಕೆಯಲ್ಲಿಲ್ಲದೆ ಸುಮ್ಮನೆ ಇದ್ದರೂ ಬ್ಲೆಂಡರ್ ಆ ಸಂಬಂಧವನ್ನು ಲೆಕ್ಕಕ್ಕೆ ತೆಗೆದುಕೊಂಡು ದೂರುತ್ತದೆ. ಆದ್ದರಿಂದ ತಲೆಗೆಂದೇ ಇನ್ನೊಂದು ಗುರಿಯನ್ನು ಎದೆಯ ಕೆಳಗೆ ಇಟ್ಟು, ಆ್ಯನಿಮೇಟರ್ ಎರಡನ್ನೂ ಒಟ್ಟಿಗೆ ಹಿಡಿದು ಸರಿಸುವಂತೆ ಮಾಡುವುದು ಹೆಚ್ಚು ನೆಮ್ಮದಿಯ ದಾರಿ. ಹಾಗೆ ಬೇರೆಯಾದಾಗ ಸಿಗುವ ಇನ್ನೊಂದು ಲಾಭವೆಂದರೆ ತಲೆಯ ಗುರಿಯ ಕೀಗಳನ್ನು ಕಣ್ಣಿನವುಗಳಿಗಿಂತ ಎರಡು ಮೂರು ಫ್ರೇಮ್ ತಡವಾಗಿ ಇಡಬಹುದು. ಕಣ್ಣು ಮೊದಲು ಜಿಗಿದು ಗುರಿಯನ್ನು ಹಿಡಿಯುತ್ತದೆ, ತಲೆ ಆಮೇಲೆ ಹೊರಳುತ್ತದೆ, ತಲೆ ಹೊರಳುತ್ತಿದ್ದಂತೆ ಕಣ್ಣು ಗೂಡಿನಲ್ಲಿ ಹಿಂದಕ್ಕೆ ಸರಿದು ನಡುವಿಗೆ ಬರುತ್ತದೆ. ಗುರಿ ತಲೆಯ ಹೊರಗಿರುವುದರಿಂದ ಆ ಕೊನೆಯ ಚಲನೆಗೆ ಒಂದು ಕೀಯನ್ನೂ ಹಾಕಬೇಕಾಗುವುದಿಲ್ಲ.